ಹದಿಹರೆಯದವರಲ್ಲಿ ಆತ್ಮಹತ್ಯೆಯ ಅಪಾಯ: ಜೈವಿಕ ಸೂಚಕಗಳು ತಿಳಿಸುವುದೇನು?

ಜ್ವರವನ್ನು ಅಳೆಯಲು ಉಷ್ಣಮಾಪಕವಿದೆ. ಮಧುಮೇಹವನ್ನು ಗುರುತಿಸಲು ರಕ್ತಪರೀಕ್ಷೆಯಿದೆ. ಹೃದಯದ ಬಡಿತದಲ್ಲಿನ ದೋಷವನ್ನು ಇಸಿಜಿ ಯಂತ್ರವು ಕಾಗದದ ಮೇಲೆ ಬರೆದು ತೋರಿಸುತ್ತದೆ. ಹಾಗಿರುವಾಗ, ಹದಿನೈದು ಹದಿನಾರು ವರ್ಷದ ಮಗುವಿನ ಮನಸ್ಸಿನಲ್ಲಿ ಬದುಕೇ ಬೇಡವೆಂಬ ಭಾವನೆ ಬೇರೂರುತ್ತಿದೆಯೇ ಎಂಬುದನ್ನು ಮುಂಚಿತವಾಗಿ ತಿಳಿಸುವ ಪರೀಕ್ಷೆಯೊಂದು ಏಕಿಲ್ಲ? ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು ಕೇಳುವ ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಸುಮಾರು ಐವತ್ತು ವರ್ಷಗಳಿಂದ ಕೇಳುತ್ತಾ ಬಂದಿದ್ದಾರೆ. ಅವರಿಗೆ ದೊರೆತ ಉತ್ತರಗಳೇನು, ಆ ಉತ್ತರಗಳ ಇತಿಮಿತಿಗಳೇನು ಮತ್ತು ಅವುಗಳಿಂದ ಸಾಮಾನ್ಯ ಕುಟುಂಬಗಳು ಕಲಿಯಬೇಕಾದುದೇನು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಸಮಸ್ಯೆಯ ಗಾತ್ರ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 7 ಲಕ್ಷಕ್ಕೂ ಹೆಚ್ಚು ಜನರು ಆತ್ಮಹತ್ಯೆಯಿಂದ ಸಾವನ್ನಪ್ಪುತ್ತಾರೆ. 15ರಿಂದ 29 ವರ್ಷದವರ ಸಾವಿಗೆ ಇದು ಪ್ರಮುಖ ಕಾರಣಗಳಲ್ಲೊಂದು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಯ ಪ್ರಕಾರ ನಮ್ಮ ದೇಶದಲ್ಲಿ 2022ನೇ ವರ್ಷದಲ್ಲಿ 1,70,924 ಮಂದಿ ಹೀಗೆ ಪ್ರಾಣ ಕಳೆದುಕೊಂಡರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆಯಿರುವುದನ್ನು ಗುರುತಿಸಿತು. ಅಂದರೆ ನಲವತ್ತು ಮಕ್ಕಳಿರುವ ಒಂದು ತರಗತಿಯಲ್ಲಿ ಸರಾಸರಿ ಮೂವರಿಗೆ ನೆರವಿನ ಅಗತ್ಯವಿರುತ್ತದೆ.

ಜೈವಿಕ ಸೂಚಕವೆಂದರೇನು?

ದೇಹದಲ್ಲಿ ಅಳೆಯಬಹುದಾದ, ರೋಗವೊಂದರ ಇರವನ್ನಾಗಲಿ ಅದು ಬರುವ ಸಂಭವವನ್ನಾಗಲಿ ತಿಳಿಸುವ ಗುರುತಿಗೆ ಜೈವಿಕ ಸೂಚಕ ಎಂದು ಹೆಸರು. ಅದು ರಕ್ತದಲ್ಲಿನ ಒಂದು ರಾಸಾಯನಿಕವಾಗಿರಬಹುದು, ಹಾರ್ಮೋನಿನ ಪ್ರಮಾಣವಾಗಿರಬಹುದು, ವಂಶವಾಹಿಯಲ್ಲಿನ ಬದಲಾವಣೆಯಾಗಿರಬಹುದು ಅಥವಾ ಮಿದುಳಿನ ಚಿತ್ರಣದಲ್ಲಿ ಕಾಣುವ ವ್ಯತ್ಯಾಸವಾಗಿರಬಹುದು. ಒಳ್ಳೆಯ ಸೂಚಕಕ್ಕೆ ಎರಡು ಗುಣಗಳಿರಬೇಕು. ಅಪಾಯವಿರುವವರನ್ನು ಅದು ತಪ್ಪದೆ ಗುರುತಿಸಬೇಕು. ಅಪಾಯವಿಲ್ಲದವರನ್ನು ಸುಮ್ಮನೆ ಬೆದರಿಸಬಾರದು. ಈ ಎರಡನೆಯ ಗುಣವು ಎಷ್ಟು ಮುಖ್ಯವೆಂಬುದು ಮುಂದೆ ಸ್ಪಷ್ಟವಾಗುವುದು.

ಹದಿಹರೆಯದ ಮಿದುಳು

ಹದಿಹರೆಯದಲ್ಲಿ ದೇಹವು ಎತ್ತರಕ್ಕೆ ಬೆಳೆದು ನಿಂತರೂ ಮಿದುಳಿನ ಬೆಳವಣಿಗೆ ಪೂರ್ಣಗೊಂಡಿರುವುದಿಲ್ಲ. ಭಯ, ಕೋಪ, ನಾಚಿಕೆ, ಸಂತೋಷ ಮೊದಲಾದ ಭಾವಗಳಿಗೆ ಸಂಬಂಧಿಸಿದ ಒಳಭಾಗಗಳು ಬೇಗನೆ ಚುರುಕಾಗುತ್ತವೆ. ಹಿಂದುಮುಂದು ಯೋಚಿಸುವ, ಆವೇಗವನ್ನು ತಡೆದು ನಿಲ್ಲಿಸುವ ಕಾರ್ಯವನ್ನು ನಿರ್ವಹಿಸುವ ಮುಂಭಾಗವು ಇಪ್ಪತ್ತರ ನಡುವಯಸ್ಸಿನವರೆಗೂ ಪಕ್ವಗೊಳ್ಳುತ್ತಲೇ ಇರುತ್ತದೆ. ಆದುದರಿಂದ ಹಿರಿಯರಿಗೆ ಸಣ್ಣದೆಂದು ತೋರುವ ಅಪಮಾನ, ಪರೀಕ್ಷೆಯ ಸೋಲು, ಸ್ನೇಹಭಂಗ ಮುಂತಾದವು ಈ ವಯಸ್ಸಿನವರಿಗೆ ದಾಟಲಾಗದ ಬೆಟ್ಟದಂತೆ ಕಾಣಬಹುದು. ಇದು ಸ್ವಭಾವದ ದೌರ್ಬಲ್ಯವಲ್ಲ, ಬೆಳವಣಿಗೆಯ ಒಂದು ಘಟ್ಟ. ಆವೇಗವು ಬೇಗ ಏರುವಂತೆ ಬೇಗ ಇಳಿಯುವುದೂ ಉಂಟು. ಆ ಗಳಿಗೆಯನ್ನು ಯಾರಾದರೂ ಜೊತೆಗಿದ್ದು ದಾಟಿಸಿದರೆ ಜೀವ ಉಳಿಯುತ್ತದೆ.

ಸೆರೊಟೋನಿನ್ ಎಂಬ ನರವಾಹಕ

ಮಿದುಳಿನ ನರಕೋಶಗಳು ಕೆಲವು ರಾಸಾಯನಿಕಗಳ ಮೂಲಕ ಪರಸ್ಪರ ಸಂದೇಶಗಳನ್ನು ಕಳುಹಿಸುತ್ತವೆ. ಇವುಗಳಿಗೆ ನರವಾಹಕಗಳೆಂದು ಹೆಸರು. ಮನಸ್ಥಿತಿ, ನಿದ್ರೆ ಹಾಗೂ ಆವೇಗದ ನಿಯಂತ್ರಣದಲ್ಲಿ ಪಾತ್ರವಹಿಸುವ ಸೆರೊಟೋನಿನ್ ಇವುಗಳಲ್ಲೊಂದು. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಮಾರಿ ಆಸ್ಬರ್ಗ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿ ಖಿನ್ನತೆಯಿಂದ ಬಳಲುತ್ತಿದ್ದ 68 ರೋಗಿಗಳ ಬೆನ್ನುಹುರಿಯ ಸುತ್ತಲಿನ ದ್ರವವನ್ನು ಪರೀಕ್ಷಿಸಿದರು. ಸೆರೊಟೋನಿನ್ ಒಡೆದಾಗ ಉಳಿಯುವ ಆಮ್ಲದ ಪ್ರಮಾಣವು ಯಾರಲ್ಲಿ ಕಡಿಮೆಯಿತ್ತೋ ಅವರಲ್ಲಿ ಆತ್ಮಹತ್ಯೆಯ ಯತ್ನಗಳು ಹೆಚ್ಚಾಗಿದ್ದುದು ಕಂಡುಬಂದಿತು. ಈ ಕ್ಷೇತ್ರದ ಜೈವಿಕ ಸಂಶೋಧನೆಗೆ ಇದು ಒಂದು ಮೈಲಿಗಲ್ಲಾಯಿತು.

ಹದಿಹರೆಯದವರ ಬಗ್ಗೆ ಮಹತ್ವದ ಕೆಲಸ ಮಾಡಿದವರಲ್ಲಿ ಅಮೆರಿಕದ ಷಿಕಾಗೋ ನಗರದ ಇಲಿನಾಯ್ ವಿಶ್ವವಿದ್ಯಾಲಯದ ಘನಶ್ಯಾಮ ಪಾಂಡೆ ಪ್ರಮುಖರು. ಆತ್ಮಹತ್ಯೆಯಿಂದ ಮೃತರಾದ ಹದಿಹರೆಯದವರ ಮಿದುಳನ್ನು ಇತರ ಕಾರಣಗಳಿಂದ ಮೃತರಾದವರ ಮಿದುಳಿನೊಂದಿಗೆ ಅವರ ತಂಡವು ಹೋಲಿಸಿತು. ಸೆರೊಟೋನಿನ್ ಸಂದೇಶವನ್ನು ಸ್ವೀಕರಿಸುವ ಒಂದು ಬಗೆಯ ಗ್ರಾಹಕಗಳು ಮೊದಲ ಗುಂಪಿನವರ ಮಿದುಳಿನ ಮುಂಭಾಗದಲ್ಲಿಯೂ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನಲ್ಲಿಯೂ ಹೆಚ್ಚಾಗಿದ್ದುದನ್ನು 2002ರಲ್ಲಿ ಈ ತಂಡವು ವರದಿ ಮಾಡಿತು. ಸೋಂಕಿನ ವಿರುದ್ಧ ದೇಹವು ಹೋರಾಡುವಾಗ ಹೊರಸೂಸುವ ಉರಿಯೂತದ ಕೆಲವು ಪ್ರೋಟೀನುಗಳು ಕೂಡ ಇಂತಹ ಮಿದುಳುಗಳಲ್ಲಿ ಹೆಚ್ಚಾಗಿದ್ದುವೆಂದು 2012ರಲ್ಲಿ ತಿಳಿಸಿತು. ಮಾನಸಿಕ ಯಾತನೆಯು ಬರಿಯ ಕಲ್ಪನೆಯಲ್ಲ, ಅದಕ್ಕೆ ದೈಹಿಕವಾದ ಆಧಾರವಿದೆ ಎಂಬುದಕ್ಕೆ ಇವು ಪುರಾವೆಗಳು.

ಒತ್ತಡಕ್ಕೆ ದೇಹದ ಪ್ರತಿಕ್ರಿಯೆ

ಅಪಾಯ ಎದುರಾದಾಗ ಮಿದುಳಿನ ಸೂಚನೆಯಂತೆ ಮೂತ್ರಪಿಂಡಗಳ ಮೇಲಿರುವ ಅಡ್ರೀನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತವೆ. ಅಪಾಯವು ಕಳೆದ ಮೇಲೆ ಅದೇ ಹಾರ್ಮೋನು ಮಿದುಳಿಗೆ ‘ಇನ್ನು ಸಾಕು’ ಎಂಬ ಸಂದೇಶವನ್ನು ಮುಟ್ಟಿಸಿ, ಸ್ರಾವವನ್ನು ತಗ್ಗಿಸುತ್ತದೆ. ನಲ್ಲಿಯನ್ನು ತೆರೆದಂತೆ ಮುಚ್ಚುವ ವ್ಯವಸ್ಥೆಯೂ ದೇಹದಲ್ಲಿಯೇ ಇದೆಯೆಂದಾಯಿತು. ತೀವ್ರ ಖಿನ್ನತೆಯುಳ್ಳ ಕೆಲವರಲ್ಲಿ ಈ ನಲ್ಲಿ ಸರಿಯಾಗಿ ಮುಚ್ಚುವುದಿಲ್ಲ.

ಇದನ್ನು ಪರೀಕ್ಷಿಸಲು ರಾತ್ರಿ ಡೆಕ್ಸಾಮೆಥಾಸೋನ್ ಎಂಬ ಔಷಧವನ್ನು ಕೊಟ್ಟು, ಮರುದಿನ ಕಾರ್ಟಿಸಾಲ್ ಇಳಿದಿದೆಯೇ ಎಂದು ನೋಡುವ ವಿಧಾನವೊಂದಿದೆ. ಅಮೆರಿಕದಲ್ಲಿ ಖಿನ್ನತೆಗಾಗಿ ಆಸ್ಪತ್ರೆಗೆ ದಾಖಲಾಗಿದ್ದ 78 ರೋಗಿಗಳನ್ನು 15 ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಕಾರ್ಟಿಸಾಲ್ ಇಳಿಯದೆ ಉಳಿದವರಲ್ಲಿ ಆತ್ಮಹತ್ಯೆಯ ಸಂಭವವು ಶೇಕಡಾ 26.8 ಎಂದೂ, ಇಳಿದವರಲ್ಲಿ ಶೇಕಡಾ 2.9 ಎಂದೂ ಅದು ಅಂದಾಜು ಮಾಡಿತು. ಅಂತರವು ದೊಡ್ಡದೇನೋ ಹೌದು. ಆದರೆ ಅದು ಕಂಡುಬಂದದ್ದು ಆಗಲೇ ಆಸ್ಪತ್ರೆ ಸೇರಿದ್ದ ಸಣ್ಣ ಗುಂಪಿನಲ್ಲಿ. ಹದಿಹರೆಯದವರಲ್ಲಿ ಕಾರ್ಟಿಸಾಲ್ ಕುರಿತು ನಡೆದ ಅಧ್ಯಯನಗಳ ಫಲಿತಾಂಶಗಳು ಒಂದೇ ತೆರನಾಗಿಲ್ಲ.

ವಂಶವಾಹಿಯೂ ಅನುಭವವೂ

ಕೆಲವು ಕುಟುಂಬಗಳಲ್ಲಿ ಇಂತಹ ಸಾವುಗಳು ಮರುಕಳಿಸುವುದುಂಟು. ಅದಕ್ಕೆ ಕಾರಣ ರಕ್ತಸಂಬಂಧವೋ ಮನೆಯ ವಾತಾವರಣವೋ ಎಂಬುದನ್ನು ತಿಳಿಯಲು ಡೆನ್ಮಾರ್ಕಿನಲ್ಲಿ ದತ್ತುಮಕ್ಕಳ ದಾಖಲೆಗಳನ್ನು ಪರಿಶೀಲಿಸಲಾಯಿತು. 1979ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಆತ್ಮಹತ್ಯೆಯಿಂದ ಮೃತರಾದ 57 ದತ್ತುವ್ಯಕ್ತಿಗಳ ರಕ್ತಸಂಬಂಧಿಗಳಾದ 269 ಮಂದಿಯಲ್ಲಿ 12 ಮಂದಿ ಅದೇ ರೀತಿ ಮೃತರಾಗಿದ್ದರು. ಹೋಲಿಕೆಗಾಗಿ ಆಯ್ದುಕೊಂಡ ಇತರ ದತ್ತುವ್ಯಕ್ತಿಗಳ 269 ರಕ್ತಸಂಬಂಧಿಗಳಲ್ಲಿ ಈ ಸಂಖ್ಯೆ 2 ಮಾತ್ರವಾಗಿತ್ತು. ಅನುವಂಶೀಯತೆಗೆ ಪಾತ್ರವಿದೆಯೆಂಬುದು ಇದರಿಂದ ಸ್ಪಷ್ಟ. ಆದರೆ ಅದೇ ಅಂಕಿಗಳ ಇನ್ನೊಂದು ಮುಖವನ್ನೂ ಗಮನಿಸಬೇಕು: ಆ 269 ರಕ್ತಸಂಬಂಧಿಗಳಲ್ಲಿ 257 ಮಂದಿಗೆ ಹಾಗಾಗಲಿಲ್ಲ. ವಂಶದಿಂದ ಬರುವುದು ಒಲವು ಮಾತ್ರ, ಅದು ಹಣೆಬರಹವಲ್ಲ.

ಬಾಲ್ಯದ ಅನುಭವಗಳು ವಂಶವಾಹಿಗಳ ಮೇಲೆಯೇ ಗುರುತು ಮೂಡಿಸಬಲ್ಲವೆಂಬುದು ಇತ್ತೀಚಿನ ದಶಕಗಳ ದೊಡ್ಡ ಶೋಧ. ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2009ರಲ್ಲಿ 36 ವ್ಯಕ್ತಿಗಳ ಮಿದುಳಿನ ಅಧ್ಯಯನವನ್ನು ಪ್ರಕಟಿಸಿದರು. ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾಗಿ, ಮುಂದೆ ಆತ್ಮಹತ್ಯೆ ಮಾಡಿಕೊಂಡವರಲ್ಲಿ ಕಾರ್ಟಿಸಾಲಿನ ‘ಇನ್ನು ಸಾಕು’ ಎಂಬ ಸಂದೇಶವನ್ನು ಸ್ವೀಕರಿಸುವ ಗ್ರಾಹಕದ ವಂಶವಾಹಿಯು ರಾಸಾಯನಿಕ ಗುರುತುಗಳಿಂದ ಭಾಗಶಃ ಮುಚ್ಚಿಹೋಗಿತ್ತು. ಆತ್ಮಹತ್ಯೆ ಮಾಡಿಕೊಂಡಿದ್ದರೂ ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾಗದಿದ್ದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಇದೇ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವು ಆಶಾದಾಯಕವಾದುದು. ಮರಿಗಳನ್ನು ಹೆಚ್ಚು ನೆಕ್ಕಿ ಆರೈಕೆ ಮಾಡದ ತಾಯಿಯ ಮರಿಗಳನ್ನು ಚೆನ್ನಾಗಿ ಆರೈಕೆ ಮಾಡುವ ತಾಯಿಯ ಮಡಿಲಿಗೆ ಹಾಕಿದಾಗ, ವಂಶವಾಹಿಯ ಗುರುತುಗಳೂ ಆ ಸಾಕುತಾಯಿಯ ಮರಿಗಳಂತೆಯೇ ಮೂಡಿದವು. ನೋವು ಗುರುತು ಮೂಡಿಸುವಂತೆ ಅಕ್ಕರೆಯೂ ಗುರುತು ಮೂಡಿಸುತ್ತದೆ.

ಇಷ್ಟಿದ್ದರೂ ಪರೀಕ್ಷೆ ಏಕಿಲ್ಲ?

ಇಷ್ಟೊಂದು ಶೋಧಗಳಿದ್ದರೂ ಆಸ್ಪತ್ರೆಯಲ್ಲಿ ಬಳಸಬಹುದಾದ ಆತ್ಮಹತ್ಯೆಯ ರಕ್ತಪರೀಕ್ಷೆಯಾಗಲಿ ಮಿದುಳಿನ ಚಿತ್ರಣವಾಗಲಿ ಇಂದಿಗೂ ಇಲ್ಲ. ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದಾಗಿ, ಮೇಲೆ ಹೇಳಿದ ಸೂಚಕಗಳಲ್ಲಿ ಅನೇಕವು ಮರಣಾನಂತರದ ಪರೀಕ್ಷೆಯಿಂದಲೋ ಬೆನ್ನುಹುರಿಯ ದ್ರವದಿಂದಲೋ ದೊರೆತವು. ಶಾಲೆಗೆ ಹೋಗುವ ಮಗುವಿನಲ್ಲಿ ಅವುಗಳನ್ನು ಅಳೆಯಲಾಗದು. ಎರಡನೆಯದಾಗಿ, ಕಾರ್ಟಿಸಾಲಾಗಲಿ ಉರಿಯೂತದ ಪ್ರೋಟೀನಾಗಲಿ ನಿದ್ದೆಗೆಟ್ಟರೂ ನೆಗಡಿಯಾದರೂ ಬದಲಾಗುತ್ತವೆ. ಅವು ಆತ್ಮಹತ್ಯೆಗೆ ಮಾತ್ರ ಮೀಸಲಾದ ಗುರುತುಗಳಲ್ಲ.

ಮೂರನೆಯ ಕಾರಣವು ಗಣಿತಕ್ಕೆ ಸಂಬಂಧಿಸಿದುದು. ಉದಾಹರಣೆಗೆ, 10,000 ವಿದ್ಯಾರ್ಥಿಗಳಿದ್ದಾರೆಂದೂ ಅವರಲ್ಲಿ 10 ಮಂದಿ ನಿಜವಾದ ಅಪಾಯದಲ್ಲಿದ್ದಾರೆಂದೂ ಭಾವಿಸೋಣ. ಅಪಾಯವಿರುವ ಹತ್ತರಲ್ಲಿ ಒಂಬತ್ತು ಮಂದಿಯನ್ನು ಗುರುತಿಸುವ, ಅಪಾಯವಿಲ್ಲದವರಲ್ಲಿ ನೂರಕ್ಕೆ ತೊಂಬತ್ತು ಮಂದಿಯನ್ನು ಸರಿಯಾಗಿ ಬಿಟ್ಟುಬಿಡುವ ಉತ್ತಮ ಪರೀಕ್ಷೆಯೊಂದು ದೊರೆಯಿತೆಂದು ಇಟ್ಟುಕೊಳ್ಳೋಣ. ಆಗ 9 ಮಂದಿ ಸರಿಯಾಗಿ ಪತ್ತೆಯಾಗುತ್ತಾರೆ. ಆದರೆ ಉಳಿದ 9,990 ಮಂದಿಯಲ್ಲಿ 999 ಮಂದಿಗೂ ‘ಅಪಾಯವಿದೆ’ ಎಂಬ ತಪ್ಪು ಫಲಿತಾಂಶ ಬರುತ್ತದೆ. ಒಟ್ಟು 1,008 ಮಕ್ಕಳಿಗೆ ಹಣೆಪಟ್ಟಿ ಅಂಟಿದರೂ ಅವರಲ್ಲಿ ನೂರಕ್ಕೆ ಒಬ್ಬರು ಕೂಡ ನಿಜವಾದ ಅಪಾಯದಲ್ಲಿರುವುದಿಲ್ಲ. ಇದಕ್ಕಿಂತಲೂ ಗಂಭೀರವಾದುದೆಂದರೆ, ಉಳಿದ ಆ ಹತ್ತನೆಯ ಮಗುವಿನ ಮನೆಯವರು ‘ಏನೂ ಇಲ್ಲ’ ಎಂಬ ವರದಿಯನ್ನು ನಂಬಿ ನಿಶ್ಚಿಂತರಾಗಿಬಿಡುತ್ತಾರೆ.

ಐವತ್ತು ವರ್ಷಗಳ ಅವಧಿಯ 365 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯು ಇದೇ ನಿಲುವನ್ನು ಬಲಪಡಿಸಿತು. ಜೈವಿಕವಿರಲಿ, ಸಾಮಾಜಿಕವಿರಲಿ, ಯಾವುದೇ ಒಂದು ಅಂಶವನ್ನು ಆಧರಿಸಿ ನುಡಿಯುವ ಭವಿಷ್ಯವು ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಹೆಚ್ಚು ಉತ್ತಮವಾಗಿಲ್ಲವೆಂದು ಅದು ತೋರಿಸಿತು. ಆದುದರಿಂದ ಹಣ ಪಡೆದು ಇಂತಹ ಭವಿಷ್ಯವನ್ನು ತಿಳಿಸುತ್ತೇವೆಂದು ಹೇಳುವ ಯಾವುದೇ ಪರೀಕ್ಷೆಯನ್ನು ಸಾರ್ವಜನಿಕರು ನಂಬಬಾರದು.

ಸಂಶೋಧನೆಯಿಂದ ಆದ ಪ್ರಯೋಜನ

ಹಾಗೆಂದು ಈ ಶ್ರಮವೆಲ್ಲ ವ್ಯರ್ಥವಾಯಿತೆಂದು ತಿಳಿಯಬಾರದು. ಖಿನ್ನತೆಯು ಸೋಮಾರಿತನವಲ್ಲ, ಹಟವಲ್ಲ, ಗ್ರಹಚಾರವೂ ಅಲ್ಲ. ಅದು ಚಿಕಿತ್ಸೆಗೆ ಒಗ್ಗುವ ಕಾಯಿಲೆ ಎಂಬುದನ್ನು ಈ ಸಂಶೋಧನೆಗಳು ಖಚಿತಪಡಿಸಿವೆ. ಅಮೆರಿಕದಲ್ಲಿ ಖಿನ್ನತೆಯಿದ್ದ 12ರಿಂದ 17 ವರ್ಷದ 439 ಮಂದಿಯ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫ್ಲೂಆಕ್ಸೆಟಿನ್ ಔಷಧ ಮತ್ತು ಆಲೋಚನಾಕ್ರಮವನ್ನು ತಿದ್ದುವ ಆಪ್ತಸಲಹಾ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ಶೇಕಡಾ 71ರಷ್ಟು ಮಂದಿ ಹನ್ನೆರಡು ವಾರಗಳಲ್ಲಿ ಗಣನೀಯವಾಗಿ ಚೇತರಿಸಿಕೊಂಡರು.

ಔಷಧದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಖಿನ್ನತೆ ನಿವಾರಕ ಔಷಧಗಳನ್ನು ಆರಂಭಿಸಿದಾಗ ಕೆಲವು ಮಕ್ಕಳಲ್ಲಿ ಚಡಪಡಿಕೆ ಮತ್ತು ಸಾವಿನ ಆಲೋಚನೆಗಳು ಹೆಚ್ಚುವುದುಂಟು. ಸುಮಾರು 4,400 ಮಕ್ಕಳನ್ನೊಳಗೊಂಡ 24 ಪ್ರಯೋಗಗಳನ್ನು ಪರಿಶೀಲಿಸಿದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಔಷಧ ಪಡೆದವರಲ್ಲಿ ಶೇಕಡಾ 4ರಷ್ಟು, ಔಷಧವಲ್ಲದ ಗುಳಿಗೆ ಪಡೆದವರಲ್ಲಿ ಶೇಕಡಾ 2ರಷ್ಟು ಮಂದಿಯಲ್ಲಿ ಇಂತಹ ಆಲೋಚನೆ ಅಥವಾ ವರ್ತನೆಯನ್ನು ಗುರುತಿಸಿ 2004ರಲ್ಲಿ ಎಚ್ಚರಿಕೆ ನೀಡಿತು. ಆ ಪ್ರಯೋಗಗಳಲ್ಲಿ ಆತ್ಮಹತ್ಯೆಯಿಂದ ಯಾರೂ ಸಾಯಲಿಲ್ಲ. ಔಷಧವನ್ನು ವೈದ್ಯರ ಸಲಹೆಯಿಲ್ಲದೆ ಆರಂಭಿಸಬಾರದು, ಇದ್ದಕ್ಕಿದ್ದಂತೆ ನಿಲ್ಲಿಸಲೂಬಾರದು. ಮೊದಲ ಕೆಲವು ವಾರಗಳಲ್ಲಿ ಮಗುವನ್ನು ಹತ್ತಿರದಿಂದ ಗಮನಿಸಬೇಕು ಎಂಬುದು ಇದರ ತಾತ್ಪರ್ಯ.

ಮನೆಯವರು ಗಮನಿಸಬೇಕಾದ ಸೂಚನೆಗಳು

ಪ್ರಯೋಗಾಲಯಕ್ಕೆ ಸಿಗದ ಸೂಚನೆಗಳು ಮನೆಯವರ ಮತ್ತು ಅಧ್ಯಾಪಕರ ಕಣ್ಣಿಗೆ ಬೀಳುವುದುಂಟು. ಅವುಗಳಲ್ಲಿ ಮುಖ್ಯವಾದವು ಇವು:

1. ಎರಡು ವಾರಗಳಿಗೂ ಮೀರಿ ಮಂಕಾಗಿರುವುದು, ಅಥವಾ ಎಂದಿಲ್ಲದ ಸಿಡುಕು.
2. ನಿದ್ರೆ ಬಾರದಿರುವುದು ಅಥವಾ ಅತಿಯಾದ ನಿದ್ರೆ, ಊಟದಲ್ಲಿ ನಿರಾಸಕ್ತಿ.
3. ಗೆಳೆಯರಿಂದ, ಆಟದಿಂದ, ಪ್ರಿಯವಾಗಿದ್ದ ಹವ್ಯಾಸದಿಂದ ದೂರವಾಗುವುದು. ಓದಿನಲ್ಲಿ ಹಠಾತ್ತನೆ ಹಿಂದೆಬೀಳುವುದು.
4. ‘ನಾನಿದ್ದು ಏನು ಪ್ರಯೋಜನ’, ‘ನನ್ನಿಂದ ಎಲ್ಲರಿಗೂ ಹೊರೆ’ ಎಂಬಂಥ ಮಾತುಗಳು.
5. ಅಚ್ಚುಮೆಚ್ಚಿನ ವಸ್ತುಗಳನ್ನು ಹಂಚಿಬಿಡುವುದು, ವಿದಾಯ ಹೇಳುವಂತೆ ಮಾತನಾಡುವುದು.
6. ಹಿಂದೆ ತನಗೆ ತಾನೇ ಹಾನಿ ಮಾಡಿಕೊಂಡಿರುವುದು. ಇದನ್ನು ಎಂದಿಗೂ ಹಗುರವಾಗಿ ಕಾಣಬಾರದು.

ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕುಟುಂಬಗಳು ಈ ವಿಷಯದಲ್ಲಿ ಇನ್ನಷ್ಟು ಗಮನ ನೀಡುವುದು ಒಳಿತು. ಅಜ್ಜಅಜ್ಜಿ, ಸೋದರಮಾವ, ಚಿಕ್ಕಮ್ಮ ಮೊದಲಾದವರು ದೂರದಲ್ಲಿರುವಾಗ, ತಂದೆತಾಯಿಗೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಮಗುವಿಗೆ ಮತ್ತೊಬ್ಬ ಹಿರಿಯರು ಮನೆಯಲ್ಲಿ ಸಿಗದಿರಬಹುದು. ನೆರೆಯವರಾಗಲಿ, ಅಧ್ಯಾಪಕರಾಗಲಿ, ಕನ್ನಡ ಸಂಘದ ಹಿರಿಯರಾಗಲಿ ಆ ಸ್ಥಾನವನ್ನು ತುಂಬಬಹುದು.

ಕೇಳಲು ಅಂಜಬಾರದು

‘ಸಾಯುವ ಯೋಚನೆ ಬಂದಿದೆಯೇ?’ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯವು ವ್ಯಾಪಕವಾಗಿದೆ. ಈ ಭಯಕ್ಕೆ ಆಧಾರವಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2,342 ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗೆ ಈ ಪ್ರಶ್ನೆಗಳನ್ನು ಕೇಳಿ, ಉಳಿದವರಿಗೆ ಕೇಳದೆ ನಡೆಸಿದ ಅಧ್ಯಯನವು 2005ರಲ್ಲಿ ಪ್ರಕಟವಾಯಿತು. ಕೇಳಿದ್ದರಿಂದ ಯಾರ ಸಂಕಟವೂ ಹೆಚ್ಚಲಿಲ್ಲ. ಖಿನ್ನತೆಯಿದ್ದ ಮಕ್ಕಳ ಸಂಕಟವು ಕೊಂಚ ಕಡಿಮೆಯೇ ಆಯಿತು.

ಏಕಾಂತದಲ್ಲಿ, ಶಾಂತವಾಗಿ, ನೇರವಾಗಿ ಕೇಳಬೇಕು. ಮಗು ಹೇಳುವುದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಬೇಕು. ‘ಇಷ್ಟಕ್ಕೆಲ್ಲ ಹೀಗೆ ಯೋಚಿಸುವುದೇ’ ಎಂದು ಗದರಿಸಬಾರದು. ಇತರರ ಮಕ್ಕಳೊಂದಿಗೆ ಹೋಲಿಸಬಾರದು. ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಬಾರದು. ‘ನೀನು ಹೇಳಿದ್ದು ಒಳ್ಳೆಯದಾಯಿತು. ಇದನ್ನು ಇಬ್ಬರೂ ಸೇರಿ ನಿಭಾಯಿಸೋಣ’ ಎಂಬ ಒಂದು ಮಾತು ಹೆಚ್ಚಿನ ಬಲ ಕೊಡುತ್ತದೆ. ಅಪಾಯದ ಶಂಕೆಯಿದ್ದಾಗ ಮಗುವನ್ನು ಒಂಟಿಯಾಗಿ ಬಿಡಬಾರದು. ಮನೆಯಲ್ಲಿರುವ ಔಷಧಗಳನ್ನೂ ಅಪಾಯಕಾರಿ ವಸ್ತುಗಳನ್ನೂ ಕೈಗೆ ಸಿಗದಂತೆ ಬೀಗ ಹಾಕಿ ಇಡಬೇಕು.

ಶಾಲೆಗಳೂ ಬಹಳಷ್ಟು ಮಾಡಬಲ್ಲವು. ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ 11,110 ವಿದ್ಯಾರ್ಥಿಗಳನ್ನು ಒಳಗೊಂಡು ನಡೆದ ಅಧ್ಯಯನವು 2015ರಲ್ಲಿ ಪ್ರಕಟವಾಯಿತು. ಮಾನಸಿಕ ಆರೋಗ್ಯದ ಬಗ್ಗೆ ಚರ್ಚಿಸಲು, ಕಷ್ಟದ ಸನ್ನಿವೇಶಗಳನ್ನು ಅಭಿನಯಿಸಿ ಕಲಿಯಲು ಮಕ್ಕಳಿಗೆ ಕೆಲವು ತರಗತಿಗಳನ್ನು ನಡೆಸಿದ ಶಾಲೆಗಳಲ್ಲಿ, ಒಂದು ವರ್ಷದ ನಂತರ, ಹೊಸ ಆತ್ಮಹತ್ಯಾ ಯತ್ನಗಳು ಶೇಕಡಾ 0.70ರಷ್ಟಿದ್ದವು, ಅಂತಹ ತರಗತಿಗಳಿಲ್ಲದ ಶಾಲೆಗಳಲ್ಲಿ ಶೇಕಡಾ 1.51ರಷ್ಟಿದ್ದವು. ಇದಕ್ಕೆ ಯಾವ ರಕ್ತಪರೀಕ್ಷೆಯೂ ಬೇಕಾಗಲಿಲ್ಲ.

ಕಾನೂನು ಮತ್ತು ನೆರವು

ಪೊಲೀಸರ ಭಯದಿಂದ ಮಗುವಿನ ಸ್ಥಿತಿಯನ್ನು ಮುಚ್ಚಿಡುವ ಅಗತ್ಯವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೇ ಪ್ರಕರಣವು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದೂ ಅವರಿಗೆ ಆರೈಕೆ, ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯವೆಂದೂ ಹೇಳುತ್ತದೆ. ಹಳೆಯ ದಂಡ ಸಂಹಿತೆಯಲ್ಲಿದ್ದ, ಆತ್ಮಹತ್ಯಾ ಯತ್ನವನ್ನು ಅಪರಾಧವೆಂದು ಪರಿಗಣಿಸುತ್ತಿದ್ದ 309ನೇ ಪ್ರಕರಣವನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿಸಿಕೊಂಡಿಲ್ಲ. ಆತ್ಮಹತ್ಯೆಯಿಂದಾಗುವ ಸಾವುಗಳನ್ನು 2030ರ ವೇಳೆಗೆ ಶೇಕಡಾ 10ರಷ್ಟು ತಗ್ಗಿಸುವ ಗುರಿಯುಳ್ಳ ರಾಷ್ಟ್ರೀಯ ಕಾರ್ಯನೀತಿಯನ್ನು 2022ರ ನವೆಂಬರಿನಲ್ಲಿ ಪ್ರಕಟಿಸಲಾಯಿತು.

1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ದೆಹಲಿಯ ಇಹಬಾಸ್, ಚೆನ್ನೈನ ಕಿಲ್ಪಾಕ್‌ನಲ್ಲಿರುವ ಮಾನಸಿಕ ಆರೋಗ್ಯ ಸಂಸ್ಥೆ, ಹೈದರಾಬಾದಿನ ಎರ್ರಗಡ್ಡ, ಪುಣೆಯ ಯರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆಗಳು ಹಾಗೂ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. ಚೆನ್ನೈನಲ್ಲಿ 1986ರಲ್ಲಿ ಸ್ಥಾಪನೆಯಾದ ‘ಸ್ನೇಹಾ’ ಸಂಸ್ಥೆಯ ಸ್ವಯಂಸೇವಕರು ಸಂಕಟದಲ್ಲಿರುವವರ ಮಾತಿಗೆ ಕಿವಿಗೊಡುತ್ತಾರೆ.

ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ, ಶುಲ್ಕವಿಲ್ಲದೆ ಈ ಸೇವೆ ಲಭ್ಯ. ಕನ್ನಡವೂ ಈ ಸೇವೆಯ ಭಾಷೆಗಳಲ್ಲೊಂದು. ಹದಿನೆಂಟು ವರ್ಷದೊಳಗಿನವರ ನೆರವಿಗೆ 1098, ತುರ್ತು ಸಂದರ್ಭಕ್ಕೆ 112 ಸಂಖ್ಯೆಗಳಿವೆ. ಸಂಕಟದಲ್ಲಿರುವ ಮಗುವೇ ಕರೆ ಮಾಡಬಹುದು. ತಂದೆತಾಯಿ, ಅಧ್ಯಾಪಕರು, ಗೆಳೆಯರೂ ಸಲಹೆ ಕೇಳಬಹುದು.

ನೆನಪಿಡಬೇಕಾದ ಅಂಶಗಳು

ಆತ್ಮಹತ್ಯೆಯ ಅಪಾಯಕ್ಕೆ ದೈಹಿಕ ಕಾರಣಗಳಿವೆ. ಆದರೆ ಅದನ್ನು ಮುಂಚಿತವಾಗಿ ತಿಳಿಸುವ ಪರೀಕ್ಷೆ ಇಂದು ಇಲ್ಲ. ಕುಟುಂಬದ ಇತಿಹಾಸವು ಎಚ್ಚರಿಕೆಗೆ ಕಾರಣ, ನಿರಾಶೆಗಲ್ಲ. ಖಿನ್ನತೆಗೆ ಚಿಕಿತ್ಸೆಯಿದೆ. ನೇರವಾಗಿ ಕೇಳುವುದರಿಂದ ಹಾನಿಯಿಲ್ಲ. ಮುಂದೊಂದು ದಿನ ವಿಜ್ಞಾನವು ನಂಬಲರ್ಹವಾದ ಸೂಚಕವನ್ನು ಕಂಡುಹಿಡಿಯಬಹುದು. ಅಲ್ಲಿಯವರೆಗೂ, ಅದರ ನಂತರವೂ, ಮಗುವಿನ ಮುಖವನ್ನು ದಿನವೂ ನೋಡುವ ಕಣ್ಣು, ಅದರ ಮಾತನ್ನು ಬೇಸರಿಸದೆ ಕೇಳುವ ಕಿವಿ, ಸಕಾಲದಲ್ಲಿ ವೈದ್ಯರ ಬಳಿಗೆ ಕರೆದೊಯ್ಯುವ ಕೈ ಇವುಗಳ ಅಗತ್ಯ ಎಲ್ಲ ಮನೆಗಳಿಗೂ ಇದ್ದೇ ಇರುತ್ತದೆ.